ಮೊದಲ ಪಂಜರದ ಇಲಿಗಳು

11 ಜೂನ್ 2024, ಮಂಗಳವಾರ

ಇಂದು ಎರಡು ಸಂಗತಿ ನಡೆದವು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮುಂದೆ ಮರೆತುಹೋಗಬಾರದು, ಅದಕ್ಕೆ ಬರೆದಿಡುತ್ತೇನೆ.

ಬೆಳಿಗ್ಗೆ ಹತ್ತೂವರೆಗೆ ಕಾಲೇಜಿನಲ್ಲಿ ಮೇಲ್ ತೆರೆದೆ. ಸಂಶೋಧಕರ ಒಂದು ತಂಡ ಬರೆದಿದೆ. ಕ್ಯಾನ್ಸರ್ ಮದ್ದಿಗಾಗಿ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳನ್ನು ಪ್ರಬಂಧಗಳಲ್ಲಿ ಎಷ್ಟು ಪೂರ್ತಿಯಾಗಿ ವರದಿ ಮಾಡಿದ್ದಾರೆ ಎಂದು ಅವರು ಪರಿಶೀಲಿಸುತ್ತಿದ್ದಾರೆ. ಆರಿಸಿಕೊಂಡಿರುವ ನಾನೂರಕ್ಕೂ ಹೆಚ್ಚು ಪ್ರಬಂಧಗಳಲ್ಲಿ ನಮ್ಮದೂ ಒಂದು. ಎಂಟು ವರ್ಷದ ಹಿಂದೆ ನಾನು ಮತ್ತು ನನ್ನ ಮಾರ್ಗದರ್ಶಕ ರುದ್ರೇಶ ಸರ್ ಪ್ರಕಟಿಸಿದ್ದು. ಇಪ್ಪತ್ತೆರಡು ಪ್ರಶ್ನೆಗಳ ಹಾಳೆ ಕಳಿಸಿದ್ದಾರೆ. ಪ್ರಬಂಧದಲ್ಲಿ ಬರೆಯದೆ ಬಿಟ್ಟದ್ದು ಇದ್ದರೆ ಐದು ವಾರದಲ್ಲಿ ತಿಳಿಸಬಹುದಂತೆ.

ಮಧ್ಯಾಹ್ನ ಎರಡಕ್ಕೆ ಭೋಜಪ್ಪ ಬಂದಿದ್ದ. ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಪ್ರಯೋಗದ ಇಲಿಗಳನ್ನು ಹದಿನೆಂಟು ವರ್ಷ ನೋಡಿಕೊಂಡವನು. ಎರಡು ವರ್ಷದ ಹಿಂದೆ ನಿವೃತ್ತನಾಗಿ ಹಳಿಯಾಳದ ಆಚೆ ತನ್ನ ಕೇರಿಗೆ ಹೋಗಿದ್ದಾನೆ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಕೇಳಿದ. ಕಾಲೇಜಿನ ಮೇಡಂಗಳೆಲ್ಲ ಅವನಿಗೆ ಬಾಯಾರು.

"ಬಾಯಾರ, ಇಲಿಗೆ ಅಷ್ಟು ಬೇರು ಕೊಡ್ತಿದ್ವಿ. ಮನಿಶಾರಿಗೆ ಎಷ್ಟು ಕೊಡಬೇಕ್ರಿ?"

"ಯಾವ ಬೇರು?"

"ನಿಮ್ಮದ ರೀ. ಪೇಪರನ್ಯಾಗ ಬಂದಿತ್ತಲ್ರಿ."

"ಯಾರಿಗೆ ಕೊಡೂದು?"

"ನಮ್ಮಾಕಿಗೆ. ಎದಿಯಾಗ ಗಂಟ ಆಗೇತಿ. ಸಂಕ್ರಾಂತಿಯಿಂದ ಕೊಡಾಕತ್ತೇನಿ. ಕಡಿಮಿ ಬೀಳಾಕತ್ತೈತೇನೋ ಅಂತ."

ಮೊದಲು ದವಾಖಾನೆಗೆ ತೋರಿಸಿ ಎಂದೆ. ತಲೆಯಾಡಿಸಿದ. ತೋರಿಸುತ್ತೇನೆ ಎಂದನೋ ಬೇಡ ಎಂದನೋ ತಿಳಿಯಲಿಲ್ಲ. ಮೂರು ಗಂಟೆಯ ತರಗತಿ ಇತ್ತು, ಹೋದೆ.

12 ಜೂನ್

ಪ್ರಯೋಗದ ವಿವರ, ನೆನಪಿರುವಷ್ಟು.

ಜೋಯಿಡಾ ಕಾಡಿನ ಒಂದು ಬಳ್ಳಿಯ ಬೇರು. ಭೋಜಪ್ಪನ ನೆಂಟರು ಅನಮೋಡದ ಕಡೆಯಿಂದ ತಂದುಕೊಟ್ಟಿದ್ದರು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತು ಬಿಳಿ ಇಲಿಗಳಿಗೆ ಗಡ್ಡೆಯ ಜೀವಕೋಶ ಚುಚ್ಚಿದ್ದೆವು. ಹತ್ತಕ್ಕೆ ಬೇರಿನ ಸಾರ, ಹತ್ತಕ್ಕೆ ಬರೀ ನೀರು. ನೀರು ಕುಡಿದವು ಸರಾಸರಿ ಇಪ್ಪತ್ತೊಂದು ದಿನ ಬದುಕಿದವು. ಸಾರ ಕುಡಿದವು ಮೂವತ್ತನಾಲ್ಕು ದಿನ. ಪ್ರಬಂಧದಲ್ಲಿರುವುದು ಇಷ್ಟು.

ಪ್ರಶ್ನೆ 4: ಇಲಿಗಳನ್ನು ಗುಂಪುಗಳಿಗೆ ಹೇಗೆ ಹಂಚಿದಿರಿ? ಚೀಟಿ ಎತ್ತಿ ಹಂಚಿದ ಹಾಗೆ, ಯಾರ ಆಯ್ಕೆಯೂ ಇಲ್ಲದೆ ಹಂಚಲಾಯಿತು ಎಂಬ ಅರ್ಥದ ಮಾತು ಪ್ರಬಂಧದಲ್ಲಿದೆ. ಚೀಟಿ ಎತ್ತಿರಲಿಲ್ಲ. ಭೋಜಪ್ಪ ಹಿಡಿದುಕೊಟ್ಟ ಮೊದಲ ಹತ್ತು ಒಂದು ಪಂಜರಕ್ಕೆ ಹೋದವು, ಉಳಿದ ಹತ್ತು ಇನ್ನೊಂದಕ್ಕೆ. ಕೈಗೆ ಸಿಕ್ಕಂತೆ ಹಿಡಿದದ್ದು ಚೀಟಿ ಎತ್ತಿದ ಹಾಗೆಯೇ ಅಲ್ಲವೆ.

ಪ್ರಶ್ನೆ 9: ಗಡ್ಡೆ ಅಳೆದವರಿಗೆ ಯಾವ ಇಲಿ ಯಾವ ಗುಂಪಿನದು ಎಂದು ಗೊತ್ತಿತ್ತೆ? ಗೊತ್ತಿತ್ತು. ಅಳೆದವಳು ನಾನೇ.

ಪ್ರಶ್ನೆ 13: ಯಾವುದಾದರೂ ಪ್ರಾಣಿಯನ್ನು ಫಲಿತಾಂಶದಿಂದ ಕೈಬಿಡಲಾಯಿತೆ? ಎಷ್ಟು? ಏಕೆ?

ಮೂರು ಇಲಿಗಳನ್ನು ಕೈಬಿಡಲಾಯಿತು. ಸಾರ ಕುಡಿದ ಗುಂಪಿನವು. ಮೊದಲ ವಾರದಲ್ಲೇ ಸತ್ತಿದ್ದವು. ಸಾರ ಕುಡಿಸುವ ನಳಿಕೆ ತಪ್ಪಿ ಶ್ವಾಸನಾಳಕ್ಕೆ ಹೋಗಿರಬೇಕು ಎಂದು ರುದ್ರೇಶ ಸರ್ ಅಭಿಪ್ರಾಯಪಟ್ಟಿದ್ದರು. ಕೊಯ್ದು ನೋಡಿರಲಿಲ್ಲ.

ಹಾಳೆ ತುಂಬಿಲ್ಲ. ಇನ್ನೂ ಸಮಯವಿದೆ.

18 ಜೂನ್

ನಿನ್ನೆ ಬಕ್ರೀದ್. ಇಂದು ಮನೆಯಲ್ಲೇ ಇದ್ದೆ.

ಅಬ್ಬಾ ಕಾಗದ ಕಾರ್ಖಾನೆಯ ಮೆಕ್ಯಾನಿಕ್ ಆಗಿದ್ದವರು. ದಾಂಡೇಲಿ ಬಂಗೂರನಗರದ ಈ ಮನೆಗೆ ದಿನಾ ಎರಡು ಪತ್ರಿಕೆ ಬರುತ್ತಿದ್ದವು, ಒಂದು ಕನ್ನಡ, ಒಂದು ಉರ್ದು. ನಾನು ಅಕ್ಷರ ಕಲಿತದ್ದು ಕನ್ನಡದ್ದರಲ್ಲಿ. ಅವರ ಕಣ್ಣು ಮಂಜಾಗಿ ಹತ್ತು ವರ್ಷವಾಯಿತು, ಅಂದಿನಿಂದ ನಾನು ಓದಿ ಹೇಳುತ್ತೇನೆ. ಅಪಘಾತದ ಸುದ್ದಿಯಲ್ಲಿ ಗಾಯಗೊಂಡವರ ಸಂಖ್ಯೆ ಹಾರಿಸಿದರೆ ಹಿಡಿದುಬಿಡುತ್ತಾರೆ.

ಪ್ರಶ್ನೆಗಳ ಹಾಳೆಯ ವಿಷಯ ಹೇಳಿದೆ. ಅಬ್ಬಾ ಆಡಿದ್ದು ಉರ್ದು, ಬರೆಯುವುದು ಕನ್ನಡದಲ್ಲಿ.

"ಇಪ್ಪತ್ತೆರಡಕ್ಕ ಎಷ್ಟಕ್ಕ ಉತ್ತರ ಬರತೈತಿ ಬೇಟಿ?"

"ಎಲ್ಲಾಕ್ಕೂ ಬರತೈತಿ."

"ಮತ್ತ ಯಾಕ ಕುಂತಿ? ಸಾಲ್ಯಾಗ ಮಾಸ್ತರು ಕೇಳೂಕಿನ್ನ ಮೊದಲ ಕೈ ಎತ್ತತಿದ್ದಿ."

"ಉತ್ತರ ಛಲೋ ಇಲ್ಲ ಅಬ್ಬಾ."

ಅಬ್ಬಾ ಗೋಡೆಯ ಕಡೆ ತಿರುಗಿದರು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಪತ್ರಿಕೆಯ ತುಣುಕು ಇದೆ: "ಕಾಡು ಬೇರಿನಲ್ಲಿ ಕ್ಯಾನ್ಸರ್‌ಗೆ ಮದ್ದು: ದಾಂಡೇಲಿ ಯುವತಿಯ ಶೋಧ". ಅದರಲ್ಲಿ ಇಲಿ ಎಂಬ ಶಬ್ದವೇ ಇಲ್ಲ.

"ಆ ಸುದ್ದಿ ನೀ ನನಗ ಓದಿ ಹೇಳಿದಾಗ ಏನರ ಹಾರಿಸಿದ್ದೇನು?" ಎಂದರು.

"ಸುದ್ದಿಯೊಳಗ ಇದ್ದುದೆಲ್ಲಾ ಓದಿದ್ದೆ" ಎಂದೆ.

23 ಜೂನ್, ಭಾನುವಾರ

ಭೋಜಪ್ಪನ ಮನೆಗೆ ಹೋಗಿದ್ದೆ. ಹಳಿಯಾಳದಲ್ಲಿ ಬಸ್ಸು ಇಳಿದು ಟಂಟಂ ರಿಕ್ಷಾದಲ್ಲಿ ಮುಕ್ಕಾಲು ಗಂಟೆ. ಹೆಂಡತಿ ಸೋಮಿಬಾಯಿ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಐವತ್ತೆರಡು ವಯಸ್ಸು. ನೋಡಿದ ಕೂಡಲೇ ನಕ್ಕಳು.

"ಬರ್ರಿ ಬಾಯಾರ. ಇವ ನನ್ನ ಇಲಿ ಮಾಡ್ಯಾನ. ದಿನಾ ಮುಂಜಾನೆ ಗಡಿಯಾರ ನೋಡಿ ಕುಡಸ್ತಾನ. ತಕ್ಕಡಿಯಾಗ ಕುಂದರಸಿ ತೂಕ ಮಾಡೂದೊಂದು ಬಾಕಿ."

"ಇಲಿ ಸುಮ್ಮನ ಕುಡೀತಿದ್ವು" ಎಂದ ಭೋಜಪ್ಪ. "ನೀ ಕಚ್ಚತಿ."

ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಎಡ ಎದೆ. ಸಂಕ್ರಾಂತಿಯಲ್ಲಿ ಹುಣಸೆ ಬೀಜದಷ್ಟಿತ್ತಂತೆ. ಈಗ ಲಿಂಬೆಹಣ್ಣಿಗಿಂತ ದೊಡ್ಡದು. ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿದೆ. ಕಂಕುಳಲ್ಲೂ ಗಂಟು ಕೈಗೆ ಸಿಗುತ್ತದೆ.

ಹೊರಗೆ ಬಂದು ಹುಬ್ಬಳ್ಳಿಗೆ ಹೋಗಲೇಬೇಕು ಎಂದೆ. ಭೋಜಪ್ಪ ಒಪ್ಪಲಿಲ್ಲ. ಅವನ ಅಕ್ಕ ಮಾಲವ್ವನಿಗೂ ಗಂಟಾಗಿ, ಕೊಯ್ಯಿಸಿದ ಮೂರು ತಿಂಗಳಿಗೆ ಹೋದಳಂತೆ.

"ಕೊಯ್ದ ಮ್ಯಾಲನ ಹೋದ್ಲು ಬಾಯಾರ. ಇಲ್ಲೆ ನಾನ ಕಣ್ಣಾರೆ ಕಂಡೇನಿ. ಮದ್ದು ಕುಡಿದವು ಒಂದ ತಿಂಗಳ ಆದ ಮ್ಯಾಲೂ ಓಡ್ಯಾಡತಿದ್ವು. ಕುಡೀಲಾರದವು ಬಿದ್ದಬಿದ್ದ ಸತ್ತವು. ಬ್ಯಾರೇದವರು ಹೇಳಿದ್ದಲ್ಲ, ನನ್ನ ಕೈಯಾಗ ನಡದದ್ದು."

ಮೂರು ಇಲಿಗಳ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಕೋಳಿಮರಿಗಳು ಕಾಲಡಿ ಬಂದವು. ಕೆಲವು ಮರಿಗಳನ್ನು ಭೋಜಪ್ಪ ಬೇರೆ ಬುಟ್ಟಿಯಡಿ ಮುಚ್ಚಿಟ್ಟಿದ್ದ. ಮಾತು ತಪ್ಪಿಸಲೆಂದೇ ಇರಬೇಕು, ಅವು ಯಾಕೆ ಬೇರೆ ಎಂದು ಕೇಳಿದೆ.

"ಬಡಕಲು ಅದಾವ್ರಿ. ಜೋರಿನವು ಕುಟುಕಿ ಕೊಲ್ತಾವು. ನಮ್ಮ ಮನಿಯಾಗ ಮೊದಲಿಂದ ಹಿಂಗ, ಮೆತ್ತಗಿನವು ಆರಿಸಿ ಬ್ಯಾರೆ ಇಡೂದು. ನಿಮ್ಮ ಇಲಿಗೂ ಹಂಗ ಮಾಡತಿದ್ದೆ."

"ಹಂಗ ಅಂದ್ರ?"

"ದೊಡ್ಡ ಪೆಟ್ಟಿಗಿ ಒಳಗ ಕೈ ಹಾಕಿ ಮೊದಲ ಮೆತ್ತಗಿನವು ಹುಡುಕಿ ತಗೀತಿದ್ದೆ. ಅವೆಲ್ಲಾ ಒಂದ ಪಂಜರಕ. ಗಟ್ಟಿ ಇದ್ದವು ಆಮ್ಯಾಲ ಇನ್ನೊಂದಕ. ಕಚ್ಚ್ಯಾಡಬಾರ್ದಲ್ರಿ."

"ಆ ಇಪ್ಪತ್ತಕ್ಕೂ ಹಂಗ ಮಾಡಿದ್ರೇನು?"

"ಎಲ್ಲಾಕ್ಕೂ ರೀ. ಹದಿನೆಂಟು ವರ್ಷ."

ನೀರು ಕುಡಿದ ಗುಂಪು ಮೊದಲ ಪಂಜರದ್ದು.

ಚಹಾ ಕೊಟ್ಟರು, ಕುಡಿದೆ. ನಾಲ್ಕೂ ಹತ್ತರ ಟಂಟಂ ಹಿಡಿದು ಬಂದೆ.

24 ಜೂನ್

ಹಳೆಯ ನೋಟ್‌ಬುಕ್ ತೆಗೆದು, ಸತ್ತ ಮೂರು ಇಲಿಗಳನ್ನೂ ಸೇರಿಸಿ ಲೆಕ್ಕ ಹಾಕಿದೆ. ನಾಲ್ಕು, ಐದು, ಆರನೆಯ ದಿನ ಸತ್ತವು. ಹತ್ತಕ್ಕೂ ಸೇರಿ ಸರಾಸರಿ ಇಪ್ಪತ್ತೈದು ದಿನ, ಮೂವತ್ತನಾಲ್ಕಲ್ಲ. ನೀರು ಕುಡಿದವಕ್ಕೂ ಇವಕ್ಕೂ ವ್ಯತ್ಯಾಸ ನಾಲ್ಕೇ ದಿನ. ನೀರು ಕುಡಿದವು ಮೊದಲೇ ಬಡಕಲು. ಆ ನಾಲ್ಕು ದಿನ ಅಲ್ಲಿಗೆ ಹೋಯಿತು.

ಅಂದರೆ ಆ ಬೇರಿನಿಂದ ಒಳ್ಳೆಯದೇನೂ ಆಗಲಿಲ್ಲ. ಮೂರು ಸತ್ತದ್ದು ಬೇರಿನಿಂದಲೇ ಇದ್ದರೂ ಇರಬಹುದು.

27 ಜೂನ್

ರುದ್ರೇಶ ಸರ್ ಕೋಣೆಯಲ್ಲಿ ಇಪ್ಪತ್ತು ನಿಮಿಷ. ಈಗ ಅವರು ನಮ್ಮ ಪ್ರಾಂಶುಪಾಲರು. ಹಾಳೆಯನ್ನು ಪೂರ್ತಿ ಓದಿದರು. ಸಿಟ್ಟಾಗಲಿಲ್ಲ.

"ಎಲ್ಲಾದಕ್ಕೂ 'ಮಾಹಿತಿ ಲಭ್ಯವಿಲ್ಲ' ಅಂತ ಬರೀರಿ ಮೇಡಂ. ಎಂಟು ವರ್ಷ ಆತು, ಯಾರ ಕಡೆ ಇರತೈತಿ ಮಾಹಿತಿ?"

"ನನ್ನ ಕಡೆ ಐತ್ರಿ."

"ನಿಮ್ಮ ನೆನಪು ಮಾಹಿತಿ ಅಲ್ಲ."

"ನೋಟ್‌ಬುಕ್ಕೂ ಐತ್ರಿ. ಮೂರು ಇಲಿ ಸತ್ತ ತಾರೀಖು ಐತಿ."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶಾಹೀನ ಮೇಡಂ, ನಮ್ಮ ಗುರುಗಳು ನಮಗ ಹಿಂಗ ಕಲಿಸಿದ್ರು. ಮೊದಲ ವಾರದಾಗ ಸತ್ತದ್ದು ಹಿಡಿಬ್ಯಾಡ್ರಿ ಅಂತಿದ್ರು. ನಾ ನಿಮಗ ಕಲಿಸಿದೆ. ನೀವು ಈ ವರ್ಷ ಹನ್ನೊಂದು ಹುಡುಗರಿಗೆ ಕಲಿಸಾಕತ್ತೀರಿ. ಎಲ್ಲಾರನ್ನೂ ಕರಿಸಿ ಇಲಿ ಎಣಿಸಕೊಂತ ಕುಂದರೂಣೇನು?"

ಸೋಮಿಬಾಯಿಯ ವಿಷಯ ಹೇಳಿದೆ.

"ಅಯ್ಯೋ" ಎಂದರು. ನಿಜವಾಗಿ ಬೇಸರವಾಗಿತ್ತು. "ದವಾಖಾನಿಗೆ ಕಳಸ್ರಿ. ಅದಕ್ಕೂ ಪ್ರಬಂಧಕ್ಕೂ ಏನ ಸಂಬಂಧ? ನಾವು ಮನಿಶಾರಿಗೆ ಕೊಡ್ರಿ ಅಂತ ಎಲ್ಲಿ ಬರದೇವಿ?"

ಬರೆದಿದ್ದೇವೆ. ಕೊನೆಯ ಸಾಲು: ಮನುಷ್ಯರಲ್ಲಿ ಬಳಕೆಗೆ ಭರವಸೆಯ ಮದ್ದು. ಆ ಸಾಲು ನನ್ನದು.

3 ಜುಲೈ

ಏನೂ ಮಾಡಲಿಲ್ಲ. ಎರಡು ಪಾಠ ಮಾಡಿದೆ.

7 ಜುಲೈ, ಭಾನುವಾರ

ಹೋಗಿ ಹೇಳಿದೆ. ಇಬ್ಬರ ಎದುರಿಗೂ. ಮುಂಡಗೋಡದಿಂದ ಮಗಳು ಸುಮನ ಬಂದಿದ್ದಳು, ಅಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಅವಳೂ ಕೇಳಿದಳು.

ಮೂರು ಸತ್ತದ್ದನ್ನು ನಾನು ಬಿಟ್ಟೆ ಎಂದೆ. ಮೊದಲ ಪಂಜರಕ್ಕೆ ನೀರು, ಎರಡನೆಯದಕ್ಕೆ ಮದ್ದು ಎಂದು ಆರಿಸಿದವಳು ನಾನು ಎಂದೆ. ಗಟ್ಟಿ ಇಲಿ ಗಟ್ಟಿ ಇದ್ದದ್ದಕ್ಕೆ ಬದುಕಿದವು, ಬೇರಿನಿಂದಲ್ಲ ಎಂದೆ.

ಭೋಜಪ್ಪ ನಕ್ಕ. "ನಮ್ಮನ್ನ ದವಾಖಾನಿಗೆ ಕಳಸಾಕ ಹಿಂಗ ಹೇಳಾಕತ್ತೀರಿ. ಗೊತ್ತೈತ್ರಿ ನನಗ."

"ಇಲ್ಲ ಭೋಜಪ್ಪ, ಖರೆ ಹೇಳಾಕತ್ತೇನಿ."

"ಆ ಮೂರು ಸತ್ತಿದ್ದು ನಂಗೂ ಗೊತ್ತೈತಿ. ನಾನ ಹುಗದು ಬಂದೆ. ಅವು ಲೆಕ್ಕಕ್ಕ ಬರೂದಿಲ್ಲ ಅಂತ ಸಾಹೇಬರ ಹೇಳಿದ್ರು. ನೀವೂ ಅಲ್ಲೇ ನಿಂತಿದ್ರಿ."

ನಿಂತಿದ್ದೆ.

ಒಳಗೆ ಹೋಗಿ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟ ಅದೇ ಪತ್ರಿಕೆಯ ತುಣುಕು ತಂದ. "ಹಂಗಾದ್ರ ಇದು? ನಿಮ್ಮ ಹೆಸರು ಐತಿ, ಫೋಟೋ ಐತಿ. ಸುಳ್ಳ ಅಚ್ಚ ಹಾಕತಾರೇನ್ರಿ?"

ಸೋಮಿಬಾಯಿ ಎದ್ದು ಸೆರಗು ಸರಿಮಾಡಿಕೊಂಡಳು.

"ಸಾಕು ಬಿಡ. ಬಾಯಾರ ಇಷ್ಟು ದೂರ ಬಂದು ತಮ್ಮ ಮರ್ಯಾದಿ ತಾವ ಕಳಕೊಳ್ಳಾಕತ್ತಾರಂದ್ರ ಸುಳ್ಳ ಇರಾಕಿಲ್ಲ. ನಾ ಹುಬ್ಬಳ್ಳಿಗೆ ಹೋಕ್ಕೇನಿ. ನೀ ಬಂದ್ರ ಬಾ, ಇಲ್ಲಂದ್ರ ಕೋಳಿ ಕಾಯ್ಕೊಂತ ಕುಂದರು."

ಸುಮನ ಪ್ರಬಂಧ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಅದು ಬಂದ ಸಂಶೋಧನಾ ಪತ್ರಿಕೆಯ ಹೆಸರು ಬರೆದುಕೊಟ್ಟೆ. ತಪ್ಪನ್ನು ಅದರಲ್ಲೇ ಅಚ್ಚು ಹಾಕಿಸುತ್ತೇನೆ, ಆಗ ಅಪ್ಪನಿಗೆ ಓದಿ ಹೇಳು ಎಂದೆ.

12 ಜುಲೈ, ಶುಕ್ರವಾರ

ಹುಬ್ಬಳ್ಳಿ. ನಾನೂ ಹೋಗಿದ್ದೆ. ಭೋಜಪ್ಪ ಬಂದಿದ್ದರು.

ನಿನ್ನೆ ತೆಗೆದ ಸ್ಕ್ಯಾನ್ ಚಿತ್ರಗಳನ್ನು ಡಾಕ್ಟರ್ ಇಂದು ನೋಡಿದರು. ಬೆನ್ನುಮೂಳೆಗೆ ಹರಡಿದೆ. ಯಕೃತ್ತಿನಲ್ಲಿ ಎರಡು ಕಡೆ. ಕೊಯ್ಯುವ ಹಂತ ದಾಟಿದೆ, ನೋವು ಕಡಿಮೆ ಮಾಡಬಹುದು ಎಂದರು. ಕೀಮೋ ಕೊಟ್ಟು ನೋಡಬಹುದು, ಆದರೆ ಯಕೃತ್ತು ತಾಳುವುದಿಲ್ಲವೇನೋ ಎಂದರು.

ಕಾರಿಡಾರಿನಲ್ಲಿ ನಾನೊಬ್ಬಳೇ ಅವರನ್ನು ಕೇಳಿದೆ. ಜನವರಿಯಲ್ಲಿ ಬಂದಿದ್ದರೆ?

"ಜನವರಿಯಲ್ಲಿ ಹೇಗಿತ್ತೋ ನಾನು ನೋಡಿಲ್ಲ" ಎಂದರು. "ಅಷ್ಟು ಚಿಕ್ಕ ಗಂಟಿನಲ್ಲಿ ಬಂದವರು ಬಹಳ ಮಂದಿ ಬದುಕಿದ್ದಾರೆ. ಇವರು ಬದುಕುತ್ತಿದ್ದರು ಅಂತ ಹೇಳಲಾರೆ. ನೀವು ಸಂಬಂಧಿಕರೇ?"

ಅಲ್ಲ ಎಂದೆ.

ಬಸ್ ನಿಲ್ದಾಣದಲ್ಲಿ ಸೋಮಿಬಾಯಿ ಗಿರಮಿಟ್ಟು ಬೇಕೆಂದರು. ಮೂರು ತುತ್ತು ತಿಂದು ನನಗೆ ಕೊಟ್ಟರು. ತಿಂದೆ.

15 ಜುಲೈ

ಇಪ್ಪತ್ತೆರಡೂ ಪ್ರಶ್ನೆಗಳಿಗೆ ಉತ್ತರ ಕಳಿಸಿದೆ. ನೋಟ್‌ಬುಕ್ಕಿನ ಪುಟಗಳ ಚಿತ್ರವನ್ನೂ ಕಳಿಸಿದೆ.

ನಾಲ್ಕನೆಯದಕ್ಕೆ ಬರೆದದ್ದು: "ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ಮೆತ್ತಗಿನ ಇಲಿಗಳನ್ನು ಮೊದಲು ಹಿಡಿದು ಒಂದೇ ಪಂಜರಕ್ಕೆ ಹಾಕಿದ್ದರು, ಅವು ಕಚ್ಚಿಸಿಕೊಳ್ಳಬಾರದೆಂದು. ಹೇಗೆ ಹಂಚಬೇಕೆಂದು ನಾನು ಅವರಿಗೆ ಹೇಳಿರಲಿಲ್ಲ. ಹೇಗೆ ಹಂಚಿದರೆಂದು ಕೇಳಲೂ ಇಲ್ಲ. ಆ ಪಂಜರವನ್ನು ಮದ್ದು ಕೊಡದ ಗುಂಪೆಂದು ಆರಿಸಿದ್ದು ನಾನು."

ಹದಿಮೂರನೆಯದಕ್ಕೆ: "ಸಾರ ಕುಡಿದ ಮೂರು ಇಲಿಗಳು ಸತ್ತವು. ಅವನ್ನು ಬಿಟ್ಟೆ. ಕಾರಣ ಹುಡುಕಲಿಲ್ಲ."

ಪ್ರಬಂಧ ಪ್ರಕಟಿಸಿದ ಪತ್ರಿಕೆಗೂ ಮೂರು ಪುಟದ ಪತ್ರ ಬರೆದೆ. ಪ್ರಬಂಧವನ್ನು ಹಿಂಪಡೆಯಿರಿ ಎಂದು ಕೇಳಿದ್ದೇನೆ. ಅವರ ನಿಯಮದಂತೆ ರುದ್ರೇಶ ಸರ್ ಸಹಿ ಬೇಕು. ಅವರಿಗೆ ಕೊಟ್ಟೆ. ನೋಡುತ್ತೇನೆ ಎಂದರು.

ಹನ್ನೊಂದು ವಿದ್ಯಾರ್ಥಿಗಳಿಗೆ ಇಂದು ಚೀಟಿ ಎತ್ತಿ ಇಲಿ ಹಂಚುವುದನ್ನು ಮಾಡಿ ತೋರಿಸಿದೆ. ಒಬ್ಬ ಕೇಳಿದ: "ಮೇಡಂ, ಹಿಂಗ ಮಾಡಿ ಮದ್ದು ಕೆಲಸ ಮಾಡ್ಲಿಲ್ಲಂದ್ರ ಪ್ರಬಂಧ ಯಾರ ತಗೋತಾರ್ರಿ?" ಉಳಿದವರು ನಕ್ಕರು. ಪ್ರಶ್ನೆ ಸರಿಯಾಗಿಯೇ ಇತ್ತು.

2 ಆಗಸ್ಟ್

ಸರ್ ಸಹಿ ಹಾಕಿ ಕಳಿಸಿದ್ದಾರಂತೆ. "ಸ್ವಲ್ಪ ಸಣ್ಣದು ಮಾಡೇನಿ, ಅವರು ಉದ್ದ ಓದೂದಿಲ್ಲ" ಎಂದರು. ಪ್ರತಿ ಕೇಳಿದೆ. ಕೊಡುತ್ತೇನೆ ಎಂದರು.

11 ಆಗಸ್ಟ್, ಭಾನುವಾರ

ಸೋಮಿಬಾಯಿ ಎದ್ದು ಕೂರುವುದಿಲ್ಲ. ಗುಳಿಗೆಗೆ ನೋವು ಹೋಗುತ್ತದೆ, ಐದು ತಾಸಿಗೆ ಮತ್ತೆ ಬರುತ್ತದೆ. ಬೇರು ಕುಡಿಸುವುದನ್ನು ಭೋಜಪ್ಪ ಬಿಟ್ಟಿದ್ದಾರೆ. ನಾನು ಹೋದಾಗ ಗಂಜಿ ಕುಡಿಸುತ್ತಿದ್ದರು. ನನ್ನನ್ನು ಕಂಡು ಬಟ್ಟಲು ಕೆಳಗಿಟ್ಟು ಹೊರಗೆ ಹೋದರು.

ಪಕ್ಕದಲ್ಲಿ ಕುಳಿತೆ.

"ಬಾಯಾರ, ಒಂದ ಕೇಳ್ತೇನಿ, ಖರೆ ಹೇಳ್ರಿ. ಬರೀ ನೀರು ಕುಡಿದ ಇಲಿ ಎಷ್ಟು ದಿನ ಬದುಕಿದ್ವು?"

"ಇಪ್ಪತ್ತೊಂದು ದಿನ."

"ನಾ ಮದ್ದು ಬಿಟ್ಟು ಒಂದ ತಿಂಗಳ ಆತು. ಹಂಗಾದ್ರ ಅವಕ್ಕಿಂತ ನಾನ ಗಟ್ಟಿ." ನಗಲು ಹೋಗಿ ಕೆಮ್ಮಿದರು. ಬೆನ್ನು ಹಿಡಿದೆ. "ಇನ್ನ ಎಷ್ಟು ಅಂತ ನಿಮ್ಮ ಲೆಕ್ಕ?"

"ಆ ಲೆಕ್ಕ ನಿಮಗ ಹತ್ತೂದಿಲ್ಲ ಸೋಮಿಬಾಯಿ. ಇಲಿಗಾದದ್ದು ಮನುಷ್ಯಾರಿಗೆ ಹಂಗ ಆಗತೈತಂತ ಹೇಳಾಕ ಬರೂದಿಲ್ಲ. ಇಲಿ ಬ್ಯಾರೆ, ಮನುಷ್ಯಾರು ಬ್ಯಾರೆ."

ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ.

"ಅದನ್ನ ಮೊದಲ ಬರೀಬೇಕಿತ್ತಲ್ರೀ ಬಾಯಾರ."

ಹೌದು ಎಂದೆ. ಗಂಜಿ ಆರಿತ್ತು, ಬಿಸಿ ಮಾಡಿ ತಂದೆ. ಬೇಡವೆಂದರು.

20 ಆಗಸ್ಟ್

ಪರಿಶೀಲನಾ ತಂಡದ ಉತ್ತರ ಬಂತು. ಇಷ್ಟು ಪೂರ್ತಿಯಾಗಿ ಯಾರೂ ಬರೆದಿಲ್ಲ, ಧನ್ಯವಾದ ಎಂದಿದ್ದಾರೆ. ಆದರೆ ಅಂಕ ಕೊಡುವುದು ಅಚ್ಚಾದ ಪ್ರಬಂಧಕ್ಕೆ ಮಾತ್ರ, ಪತ್ರಕ್ಕಲ್ಲ. ನಮಗೆ ಇಪ್ಪತ್ತೆರಡಕ್ಕೆ ಐದು. ಎಲ್ಲ ಪ್ರಬಂಧಗಳ ಸರಾಸರಿ ಆರು.

ಅಬ್ಬಾಗೆ ಹೇಳಿದೆ. "ಹಂಗಾದ್ರ ನೀ ಒಬ್ಬಾಕಿ ಅಲ್ಲ" ಎಂದರು, ಸಮಾಧಾನ ಮಾಡುವ ದನಿಯಲ್ಲಿ. ಆಮೇಲೆ ಅವರಿಗೇ ಏನೋ ಹೊಳೆದಿರಬೇಕು. ಪತ್ರಿಕೆ ಓದಲು ಹೇಳಲಿಲ್ಲ.

ನಾನೂರಕ್ಕೂ ಹೆಚ್ಚು ಪ್ರಬಂಧ. ಅವುಗಳಲ್ಲಿ ಎಷ್ಟನ್ನು ಯಾವ ಮನೆಗಳಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟಿದ್ದಾರೋ.

29 ಆಗಸ್ಟ್, ಗುರುವಾರ

ಸೋಮಿಬಾಯಿ ತೀರಿಕೊಂಡರು. ಬೆಳಿಗ್ಗೆ ಏಳೂಕಾಲಕ್ಕೆ ಎಂದು ಸುಮನ ಫೋನ್ ಮಾಡಿದಳು. ಗಂಟು ಕಂಡು ಏಳೂವರೆ ತಿಂಗಳು. ಅದರಲ್ಲಿ ಸುಮಾರು ಆರು ತಿಂಗಳು ನನ್ನ ಬೇರು.

ಹನ್ನೊಂದಕ್ಕೆ ಮುಟ್ಟಿದೆ. ಹೆಂಗಸರ ಜೊತೆ ಕುಳಿತೆ. ಪಕ್ಕದ ಮನೆಯ ಸತ್ತೆವ್ವ ಯಾರಿಗೋ ಹೇಳುತ್ತಿದ್ದರು: "ಇವರ ನೋಡು ಮದ್ದು ಕಂಡ ಹಿಡಿದ ಬಾಯಾರು. ತಡ ಆತಂತ. ಮೊದಲಿಂದ ಸರಿ ಕೊಟ್ಟಿದ್ರ ಉಳೀತಿದ್ಲಂತ." ಆಕೆಗೂ ಮೊಣಕಾಲಿನಲ್ಲಿ ಗಂಟಿದೆಯಂತೆ. ಬೇರು ಎಲ್ಲಿ ಸಿಗುತ್ತದೆ ಎಂದು ನನ್ನನ್ನೇ ಕೇಳಿದರು.

ಅದು ಮದ್ದಲ್ಲ ಎಂದೆ. ಮೂರು ಸಲ ಹೇಳಿದೆ. ದುಃಖದಲ್ಲಿ ಹಾಗೆ ಅನ್ನುತ್ತಿದ್ದಾರೆ ಎಂದು ನನ್ನ ಬೆನ್ನು ಸವರಿದರು.

22 ಸೆಪ್ಟೆಂಬರ್, ಭಾನುವಾರ

ಸಂಶೋಧನಾ ಪತ್ರಿಕೆಯಲ್ಲಿ ತಿದ್ದುಪಡಿ ಪ್ರಕಟವಾಗಿದೆ. ನಾನು ಬರೆದದ್ದು ಮೂರು ಪುಟ. ಬಂದದ್ದು ಮೂರು ವಾಕ್ಯ. ಕನ್ನಡದಲ್ಲಿ ಹೀಗಾಗುತ್ತದೆ:

"ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಸಿಬ್ಬಂದಿಯ ತಪ್ಪಿನಿಂದ ಎರಡು ಗುಂಪುಗಳ ಹಂಚಿಕೆಯಲ್ಲಿ ವ್ಯತ್ಯಾಸವಾಗಿತ್ತು. ಲೇಖಕರು ವಿಷಾದಿಸುತ್ತಾರೆ. ಪ್ರಬಂಧದ ಮುಖ್ಯ ತೀರ್ಮಾನ ಬದಲಾಗುವುದಿಲ್ಲ."

ಮೂರು ಇಲಿಗಳ ಮಾತಿಲ್ಲ. ಕೆಳಗೆ ನನ್ನ ಹೆಸರಿದೆ.

ಸರ್‌ಗೆ ಫೋನ್ ಮಾಡಿದೆ. "ನಿಮ್ಮ ಪತ್ರದಾಗ ಇದ್ದುದನ್ನ ತಗೊಂಡೇನಿ. ಅವ ಹಿಡಿದದ್ದು ಸುಳ್ಳೇನು? ಅವಗೇನೂ ತೊಂದ್ರಿ ಆಗೂದಿಲ್ಲ, ರಿಟೈರ್ ಆಗ್ಯಾನ" ಎಂದರು.

ಸುಳ್ಳಲ್ಲ. ಮೊದಲ ವಾಕ್ಯದ ಒಂದೊಂದು ಶಬ್ದವೂ ನನ್ನ ಪತ್ರದಲ್ಲಿತ್ತು, ತಪ್ಪು ಎಂಬುದೊಂದನ್ನು ಬಿಟ್ಟು.

ಮತ್ತೆ ಪತ್ರ ಬರೆದೆ. ವಿಷಯ ಮುಗಿದಿದೆ ಎಂದು ಸಂಪಾದಕರು ಒಂದೇ ತಾಸಿನಲ್ಲಿ ಉತ್ತರಿಸಿದರು.

29 ಸೆಪ್ಟೆಂಬರ್, ಭಾನುವಾರ

ಭೋಜಪ್ಪ ಬಂದಿದ್ದರು. ಮನೆಗೆ ಬಂದದ್ದು ಇದೇ ಮೊದಲು. ಒಳಗೆ ಬರ್ರಿ ಎಂದು ಅಬ್ಬಾ ಎರಡು ಸಲ ಕರೆದರು. ಮೆಟ್ಟಿಲ ಮೇಲೇ ಕುಳಿತರು. ನಾನೂ ಹೊಸ್ತಿಲಲ್ಲಿ ಕುಳಿತೆ. ಗಡ್ಡ ಬೋಳಿಸಿರಲಿಲ್ಲ.

"ಸುಮನ ಓದಿ ಹೇಳಿದ್ಲು. ಮೊಬೈಲಿನ್ಯಾಗ ಬಂದೈತಿ" ಎಂದರು. "ತಪ್ಪಾತ್ರೀ ಬಾಯಾರ."

"ಯಾರದು ತಪ್ಪು?"

"ನಂದ ರೀ. ನೀವು ಅವತ್ತ ಬಂದು ಹೇಳಿದಾಗ ನಾ ನಕ್ಕೆ. ನನ್ನ ಉಳಸಾಕ ನಿಮ್ಮ ಮ್ಯಾಲ ಹಾಕ್ಕೊಂಡಿದ್ರಿ. ನನಗ ತಿಳೀಲಿಲ್ಲ. ನಿಮ್ಮ ಇಷ್ಟು ವರ್ಷದ ಕೆಲಸ ನನ್ನಿಂದ ಹಾಳಾತು. ಆಕಿನೂ ನನ್ನ ಕೈಯಿಂದನ ಹೋದ್ಲು."

ಅಲ್ಲ ಎಂದೆ. ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಚೀಟಿ ಎತ್ತಬೇಕಾಗಿದ್ದವಳು ನಾನು, ಎತ್ತಲಿಲ್ಲ. ಪಂಜರ ಆರಿಸಿದವಳು ನಾನು. ಮೂರು ಸತ್ತದ್ದನ್ನು ಮುಚ್ಚಿಟ್ಟವಳು ನಾನು. ಕೊನೆಯ ಸಾಲು ಬರೆದವಳು ನಾನು. ಭೋಜಪ್ಪ ಪೂರ್ತಿ ಕೇಳಿದರು. ಹದಿನೆಂಟು ವರ್ಷ ಕಾಲೇಜಿನಲ್ಲಿ ನಾವು ಹೇಳಿದ್ದನ್ನು ಹೀಗೇ ಕೇಳುತ್ತಿದ್ದರು.

"ನೀವು ದೊಡ್ಡವರು, ಹಂಗ ಅಂತೀರಿ. ಅಚ್ಚಾಗೇತಲ್ರಿ."

"ಮೊದಲ ಬಂದದ್ದೂ ಅಚ್ಚಾಗಿತ್ತು ಭೋಜಪ್ಪ. ಅದು ಸುಳ್ಳಿತ್ತು."

"ಅದ ರೀ. ಅದು ಸುಳ್ಳ ಯಾಕಾತು? ನಾ ಬಡಕಲು ಎಲ್ಲಾ ಒಂದ ಕಡೆ ಹಾಕಿದ್ದಕ್ಕ."

ಒಳಗಿನಿಂದ ಅಬ್ಬಾ ಚಹಾ ತರಲು ಹೇಳಿದರು. ತರುತ್ತೇನೆ ಎಂದೆ.

ಭೋಜಪ್ಪ ಕೇಳಿದರು: "ಹೆಂಗ ಹಿಡೀಬೇಕಿತ್ರಿ? ಕಣ್ಣ ಮುಚ್ಚಿ ಹಿಡದಿದ್ರ ಸರಿ ಆಗತಿತ್ತೇನು?"

ಎಂಟು ವರ್ಷದ ಹಿಂದೆ ನಾನು ಹೇಳಿಕೊಡಬೇಕಾಗಿದ್ದು ಅದೇ. ಹೌದು ಎಂದೆ.

ಅವರು ಬಲಗೈಯನ್ನು ಮುಂದೆ ಹಿಡಿದು ಏನನ್ನೋ ಹಿಡಿದವರ ಹಾಗೆ ಬೆರಳು ಮಡಿಚಿದರು. ಆ ಬೆರಳುಗಳನ್ನೇ ನೋಡಿದರು.

"ಆಗತಿದ್ದಿಲ್ರೀ ಬಾಯಾರ" ಎಂದರು. "ಕಣ್ಣ ಮುಚ್ಚಿದ್ರೂ ಬಡಕಲು ಇದ್ದುದ್ದು ಕೈಗೆ ಗೊತ್ತಾಗತೈತಿ."